‘ಹೆಡ್ ಹೋಗಿದೆ’ ಎನ್ನುವ ಮೊದಲು: ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇಟ್ಟುಕೊಂಡವರಿಗೆ

ಮಾರ್ಚ್ ಕೊನೆಯ ವಾರ. ಸಾಗರ ಪಟ್ಟಣದ ಹತ್ತಿರದ ಸಹಕಾರಿ ಸೊಸೈಟಿಯೊಂದರ ಗುಮಾಸ್ತರು ಫೋನ್ ಮಾಡಿದರು. “ನಮ್ಮ ಪ್ರಿಂಟರಿನ ಹೆಡ್ ಹೋಯ್ತಂತೆ ಮಾರಾಯ್ರೇ, ಹೊಸದು ಹಾಕಿಸ್ಬೇಕು ಅಂತಿದಾರೆ. ವರ್ಷದ ಲೆಕ್ಕ ತೆಗೀಬೇಕು, ಒಂದ್ಸಲ ಬಂದು ನೋಡಿ ಹೋಗಿ.” ಹೋದೆ. ಹೆಡ್ ಎಂದರೆ ಕಾಗದದ ಮೇಲೆ ಅಕ್ಷರ ಹೊಡೆಯುವ ಭಾಗ. ರಸೀದಿಯ ಎಡಗಡೆ ಅಕ್ಷರಗಳು ಚೆನ್ನಾಗಿಯೇ ಇದ್ದವು. ಬಲಕ್ಕೆ ಹೋದಂತೆ ಅಕ್ಷರಗಳ ಕಾಲು ಮಾಯ. ಮೊತ್ತದ ಕಾಲಮ್ಮಿಗೆ ಬರುವಷ್ಟರಲ್ಲಿ 8 ಯಾವುದು, 9 ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಮುಚ್ಚಳ ತೆಗೆದು ಶಾಯಿ ಬಟ್ಟೆಯ ರಿಬ್ಬನ್ ಡಬ್ಬಿಯ ಬಲತುದಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ‘ಟಕ್’ ಅಂತು. ಕೆಲಸ ಮುಗೀತು. ಹಿಂದಿನ ದಿನ ರಿಬ್ಬನ್ ಬದಲಾಯಿಸಿದವರು ಒಂದು ಬದಿ ಕೂರಿಸಿ ಇನ್ನೊಂದು ಬದಿಯನ್ನು ಹಾಗೇ ಬಿಟ್ಟಿದ್ದರು. ಬಲಗಡೆ ಬಟ್ಟೆ ಮೇಲೆದ್ದು ನಿಂತಿದ್ದರಿಂದ ಕೆಳಗಿನ ಪಿನ್ನುಗಳಿಗೆ ಶಾಯಿಯೇ ಸಿಗುತ್ತಿರಲಿಲ್ಲ.

ಹೆಡ್ ಹೋಗುವುದೇ ಇಲ್ಲ ಎಂದಲ್ಲ, ಹೋಗುತ್ತದೆ. ಆದರೆ ನಾನು ಕಂಡ ‘ಹೆಡ್ ಹೋಗಿದೆ’ ಪ್ರಕರಣಗಳಲ್ಲಿ ಹೆಚ್ಚಿನವು ರಿಬ್ಬನ್ನಿನದೋ, ಕಾಗದದ್ದೋ, ಕೇಬಲ್ಲಿನದೋ ತಕರಾರು. ಅದಕ್ಕೇ ಈ ಬರಹ. ಅಂಗಡಿ, ಮಂಡಿ, ಸೊಸೈಟಿ, ಲಾರಿ ಆಫೀಸು, ವೇ ಬ್ರಿಡ್ಜಿನಲ್ಲಿ ಕೂತು ದಿನವೂ ಈ ಯಂತ್ರದ ‘ಕರ್ರ್ ಕರ್ರ್’ ಕೇಳುವವರು ಸ್ವತಃ ಏನೇನು ನೋಡಬಹುದು, ಯಾವ ಕ್ರಮದಲ್ಲಿ ನೋಡಬೇಕು ಎಂಬುದಷ್ಟೇ ಇಲ್ಲಿದೆ.

“ಇನ್ನೂ ಈ ಹಳೇ ಡಬ್ಬಾ ಯಾಕೆ?” ಎಂದು ಪಟ್ಟಣದಿಂದ ಬಂದ ಮಕ್ಕಳು ಕೇಳುತ್ತಾರೆ. ಉತ್ತರ ಸರಳ. ಲೇಸರ್ ಆಗಲಿ, ಇಂಕ್‌ಜೆಟ್ ಆಗಲಿ ಕಾಗದವನ್ನು ಗುದ್ದುವುದಿಲ್ಲ. ಇದು ಗುದ್ದುತ್ತದೆ. ಹೆಡ್ಡಿನೊಳಗೆ 9 ಅಥವಾ 24 ಸಣ್ಣ ಲೋಹದ ಪಿನ್ನುಗಳಿವೆ. ಒಂದೊಂದಕ್ಕೂ ಒಂದೊಂದು ವಿದ್ಯುತ್ಕಾಂತ. ಕರೆಂಟು ಹರಿದಾಗ ಪಿನ್ನು ಮುಂದೆ ಚಿಮ್ಮಿ ರಿಬ್ಬನ್ನಿನ ಮೇಲೆ ಬಡಿಯುತ್ತದೆ, ಕಾಗದದ ಮೇಲೆ ಒಂದು ಚುಕ್ಕೆ ಮೂಡುತ್ತದೆ. ಆ ಪೆಟ್ಟು ಕೆಳಗಿನ ನಕಲಿಗೂ ಇಳಿಯುವುದರಿಂದ ಲಾರಿಯವನಿಗೊಂದು, ಮಾಲೀಕರಿಗೊಂದು, ಆಫೀಸಿಗೊಂದು ಚೀಟಿ ಒಂದೇ ಏಟಿಗೆ ಬರುತ್ತದೆ. ಎಪ್ಸನ್ ಎಲ್‌ಎಕ್ಸ್-310 ಥರದ ಯಂತ್ರ ಮೂಲ ಪ್ರತಿಯ ಜೊತೆಗೆ ನಾಲ್ಕು ನಕಲು ತೆಗೆಯುತ್ತದೆ. ಮೇಲಾಗಿ ಥರ್ಮಲ್ ಬಿಲ್ಲು ಅಂಗಿ ಜೇಬಿನಲ್ಲೇ ಅಳಿಸಿಹೋಗುತ್ತದೆ. ಇದರ ಶಾಯಿ ವರ್ಷಗಟ್ಟಲೆ ಕಡತದಲ್ಲಿ ಕೂತರೂ ಓದಲು ಬರುತ್ತದೆ, ಲೆಕ್ಕಪರಿಶೋಧಕರಿಗೆ ಅದೇ ಬೇಕು. ಇನ್ನೊಂದು ನಮ್ಮ ಊರುಗಳ ಕಾರಣ: ಮಳೆಗಾಲದಲ್ಲಿ ಕರೆಂಟ್ ಹೋದರೆ ಸಣ್ಣ ಯುಪಿಎಸ್ಸಿನಲ್ಲೂ ಇದು ಓಡುತ್ತದೆ. ಕಾಗದ ಬಿಸಿ ಮಾಡಲು ಲೇಸರ್ ಯಂತ್ರ ಒಮ್ಮೆಲೇ ಎಳೆಯುವ ಕರೆಂಟಿಗೆ ಅದೇ ಯುಪಿಎಸ್ ಕಿರುಚಿಕೊಳ್ಳುತ್ತದೆ.

ಮೊದಲು ಕಂಪ್ಯೂಟರನ್ನು ದೂರ ಇಡಿ

ತೊಂದರೆ ಬಂದ ಕೂಡಲೇ ಎಲ್ಲರೂ ಡ್ರೈವರ್ (ಕಂಪ್ಯೂಟರಿನಲ್ಲಿ ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಹಾಕಲು ಹೊರಡುತ್ತಾರೆ. ಅದಕ್ಕಿಂತ ಮುಂಚೆ ಪ್ರಿಂಟರನ್ನೇ ಕೇಳಬೇಕು. ಸ್ವಿಚ್ ಆಫ್ ಮಾಡಿ. ಹಿಂದಿನ ಕೇಬಲ್ ಬಿಚ್ಚಿ. ಕಾಗದ ಹಾಕಿ. ‘ಎಲ್‌ಎಫ್/ಎಫ್‌ಎಫ್’ ಎಂಬ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಸ್ವಿಚ್ ಆನ್ ಮಾಡಿ. ಎಪ್ಸನ್ ಎಲ್‌ಎಕ್ಸ್ ಸಾಲಿನ ಯಂತ್ರಗಳು ತಮ್ಮೊಳಗಿನ ಅಕ್ಷರಗಳನ್ನೆಲ್ಲ ಸಾಲುಸಾಲಾಗಿ ಮುದ್ರಿಸತೊಡಗುತ್ತವೆ. ‘ಲೋಡ್/ಇಜೆಕ್ಟ್’ ಗುಂಡಿ ಹಿಡಿದರೆ ಇದೇ ಪರೀಕ್ಷೆ ದಪ್ಪ, ನಯವಾದ ಅಕ್ಷರಗಳಲ್ಲಿ ಬರುತ್ತದೆ. ಟಿವಿಎಸ್ ಎಂಎಸ್‌ಪಿ 250 ಅಥವಾ ಬೇರೆ ಯಂತ್ರವಾದರೆ ಗುಂಡಿ ಬೇರೆ ಇರಬಹುದು, ಜೊತೆಗೆ ಬಂದ ಪುಸ್ತಕದಲ್ಲಿ ‘ಸೆಲ್ಫ್ ಟೆಸ್ಟ್’ ಎಂಬಲ್ಲಿ ನೋಡಿ.

ಈ ಪರೀಕ್ಷೆಯ ಹಾಳೆ ಸರಿಯಾಗಿ ಬಂದರೆ ಪ್ರಿಂಟರ್ ನಿರಪರಾಧಿ. ತಪ್ಪಿರುವುದು ಕೇಬಲ್ಲಿನಲ್ಲೋ ಕಂಪ್ಯೂಟರಿನಲ್ಲೋ. ಅಂಥವರು ಮುಂದಿನ ಭಾಗ ಬಿಟ್ಟು ಕೇಬಲ್ಲಿನ ವಿಷಯಕ್ಕೇ ಹೋಗಬಹುದು. ಹಾಳೆ ಕೆಟ್ಟು ಬಂದರೆ ಅದನ್ನು ಬಿಸಾಡಬೇಡಿ. ರೋಗ ಎಲ್ಲಿದೆ ಎಂಬುದು ಅದರಲ್ಲೇ ಬರೆದಿರುತ್ತದೆ.

ಹಾಳೆ ಓದುವುದು ಹೇಗೆ

ಹಾಳೆಯನ್ನು ಬೆಳಕಿಗೆ ಹಿಡಿಯಿರಿ.

ಎಲ್ಲ ಅಕ್ಷರಗಳೂ ಒಂದೇ ಸಮ ಮಸುಕಾಗಿದ್ದರೆ ರಿಬ್ಬನ್ ಮುಗಿದಿದೆ. ಇಲ್ಲವೇ ಕಾಗದದ ದಪ್ಪಕ್ಕೆ ತಕ್ಕಂತೆ ಹೊಂದಿಸುವ ಪಕ್ಕದ ಲಿವರ್ ತಪ್ಪಾದ ಜಾಗದಲ್ಲಿದೆ. ಒಂದೇ ಹಾಳೆಗೆ 0, ನಕಲು ಹೆಚ್ಚಿದಂತೆ 1, 2 ಎಂದು ಏರಿಸಬೇಕು. ಮೂರು ಪ್ರತಿಯ ಬಿಲ್ಲು ತೆಗೆದವರು ಲಿವರ್ ಇಳಿಸಲು ಮರೆತು ಮರುದಿನ ಒಂಟಿ ಹಾಳೆ ಹಾಕಿರುತ್ತಾರೆ. ಹೆಡ್ ದೂರ ನಿಂತು ಬಡಿಯುವುದರಿಂದ ಏಟು ಬೀಳುವುದಿಲ್ಲ. ಇದರ ತಿರುವುಮುರುವೂ ಆಗುತ್ತದೆ. ದಪ್ಪ ಕಾಗದಕ್ಕೆ 0 ಇಟ್ಟರೆ ಹಾಳೆಯೆಲ್ಲ ಮಸಿ ಮೆತ್ತಿಕೊಳ್ಳುತ್ತದೆ, ಹೆಡ್ ಸರಿಯುವಾಗ ರಿಬ್ಬನ್ ಉಜ್ಜಿ ಹರಿಯುತ್ತದೆ.

ಅಕ್ಷರದ ತಲೆಯೋ ಕಾಲೋ ಇಲ್ಲ, ಅದೂ ಒಂದು ಬದಿಯಲ್ಲಿ ಮಾತ್ರ ಇಲ್ಲ ಎಂದರೆ ಸೊಸೈಟಿಯಲ್ಲಿ ಆದ ಕಥೆಯೇ. ರಿಬ್ಬನ್ ಡಬ್ಬಿಯ ಎರಡೂ ತುದಿ ಒತ್ತಿ ನೋಡಿ.

ಉದ್ದಕ್ಕೂ, ಪ್ರತಿ ಸಾಲಿನಲ್ಲೂ, ಒಂದೇ ಎತ್ತರದಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಹಾದುಹೋಗಿದ್ದರೆ ಒಂದು ಪಿನ್ನು ಬಡಿಯುತ್ತಿಲ್ಲ. ಇದು ಹೆಡ್ಡಿನ ವಿಷಯ. ಅಕ್ಷರಗಳೆಲ್ಲ ಸರಿಯಿದ್ದು ಅಡಿಗೆರೆ ಮಾತ್ರ ಬಾರದಿದ್ದರೆ ತೀರಾ ಕೆಳಗಿನ ಪಿನ್ನು ನಿಂತಿದೆ. 9 ಪಿನ್ನಿನ ಯಂತ್ರದಲ್ಲಿ ಅಡಿಗೆರೆ ಎಳೆಯುವುದು ಅದೇ.

ಆ ಬಿಳಿ ಗೆರೆ ಸಾಲಿನ ಒಂದು ಭಾಗದಲ್ಲಿ ಮಾತ್ರ ಕಂಡು ಉಳಿದ ಕಡೆ ಅಕ್ಷರ ತುಂಬಿ ಬಂದರೆ? ಇಲ್ಲೇ ಬಹಳಷ್ಟು ಮೆಕ್ಯಾನಿಕ್‌ಗಳೂ ಎಡವುತ್ತಾರೆ. ಪಿನ್ನು ಸತ್ತಿದ್ದರೆ ಎಡಕ್ಕೊಂದು ಬಲಕ್ಕೊಂದು ನಿಯಮ ಇರುವುದಿಲ್ಲ, ಎಲ್ಲ ಕಡೆಯೂ ಸತ್ತಿರಬೇಕು. ಹೆಡ್ ಒಂದು ಜಾಗಕ್ಕೆ ಬಂದಾಗ ಮಾತ್ರ ತಪ್ಪುತ್ತಿದೆ ಎಂದರೆ ಹೆಡ್ಡಿಗೆ ಕರೆಂಟು ಒಯ್ಯುವ ಚಪ್ಪಟೆ ಕೇಬಲ್ ಒಳಗೊಳಗೇ ಸೀಳಿದೆ. ವರ್ಷಗಟ್ಟಲೆ ಮಡಚಿ ಬಿಚ್ಚಿ ಅದರೊಳಗಿನ ಎಳೆ ತುಂಡಾಗುತ್ತದೆ. ಕೇಬಲ್ ಒಂದು ಕೋನಕ್ಕೆ ಬಂದಾಗ ತಾಗುತ್ತದೆ, ಇನ್ನೊಂದು ಕೋನಕ್ಕೆ ಬಿಡುತ್ತದೆ. ಆ ಕೇಬಲ್ಲಿನ ಬೆಲೆ ಹೆಡ್ಡಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಕೋಷ್ಟಕದ ನೇರ ಗೆರೆಗಳು ಗರಗಸದ ಹಲ್ಲಿನಂತೆ ಅಂಕುಡೊಂಕಾಗಿದ್ದರೆ ಗಾಬರಿ ಬೇಡ. ಹೆಡ್ ಹೋಗುವಾಗಲೂ ಬರುವಾಗಲೂ ಮುದ್ರಿಸುತ್ತದೆ, ಎರಡರ ತಾಳ ತಪ್ಪಿದೆ. ಪುಸ್ತಕದಲ್ಲಿ ಹೇಳಿದಂತೆ ಹೊಂದಿಸಿ. ಪುಸ್ತಕ ಕಳೆದುಹೋಗಿದ್ದರೆ ಒಂದೇ ದಿಕ್ಕಿನಲ್ಲಿ ಮುದ್ರಿಸುವಂತೆ ಡ್ರೈವರಿನಲ್ಲಿ ಗುರುತು ಹಾಕಿ. ನಿಧಾನವಾಗುತ್ತದೆ, ಗೆರೆ ನೇರವಾಗುತ್ತದೆ.

ರಿಬ್ಬನ್ ಬದಲಾಯಿಸುವಾಗ

ಸ್ವಿಚ್ ಆಫ್. ಈಗಷ್ಟೇ ನೂರಾರು ಬಿಲ್ಲು ಹೊಡೆದಿದ್ದರೆ ಹತ್ತು ನಿಮಿಷ ಬಿಡಿ. ಹೆಡ್ ಬೆರಳು ಸುಡುವಷ್ಟು ಕಾದಿರುತ್ತದೆ. ಹೆಡ್ಡನ್ನು ಮಧ್ಯಕ್ಕೆ ಸರಿಸಿ ಹಳೇ ಡಬ್ಬಿ ಎತ್ತಿ ತೆಗೆಯಿರಿ. ಹೊಸದನ್ನು ಹಾಕುವ ಮುನ್ನ ಅದರ ಪಕ್ಕದ ತಿರುಪನ್ನು ಬಾಣದ ಗುರುತಿನ ಕಡೆಗೇ ತಿರುಗಿಸಿ ಬಟ್ಟೆಯ ಸಡಿಲು ತೆಗೆಯಬೇಕು. ಹಿಂದಕ್ಕೆ ತಿರುಗಿಸಿದರೆ ಒಳಗೆ ಗಂಟಾಗುತ್ತದೆ. ಬಟ್ಟೆಯನ್ನು ಹೆಡ್ಡಿನ ಮೂತಿಗೂ ಅದರ ಮುಂದಿನ ತೆಳು ತಗಡಿಗೂ ನಡುವೆ ಇಳಿಸಿ. ಎಲ್ಲೂ ತಿರುಚಿಕೊಂಡಿಲ್ಲ ಎಂದು ನೋಡಿ ಎರಡೂ ಕಡೆ ‘ಟಕ್’ ಎನ್ನುವಂತೆ ಒತ್ತಿ. ಕೊನೆಗೆ ಹೆಡ್ಡನ್ನು ಕೈಯಿಂದ ಈ ತುದಿಯಿಂದ ಆ ತುದಿಗೆ ಸರಿಸಿದಾಗ ಬಟ್ಟೆ ಸಲೀಸಾಗಿ ಜಾರಬೇಕು.

ರಿಫಿಲ್ ಮಾಡಿಸಬಹುದೇ ಎಂದು ಕೇಳುತ್ತಾರೆ. ಡಬ್ಬಿ ಗಟ್ಟಿಯಿದ್ದರೆ ಒಳಗಿನ ಬಟ್ಟೆಯನ್ನು ಪೂರ್ತಿ ಬದಲಾಯಿಸಿ ಕೊಡುವವರ ಹತ್ತಿರ ಮಾಡಿಸಿ, ತೊಂದರೆಯಿಲ್ಲ. ಹಳೇ ಬಟ್ಟೆಗೇ ಶಾಯಿ ಕುಡಿಸುವ ಉಪಾಯ ಬೇಡ. ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ನಾನೇ ಜಾಣತನ ಮಾಡಿ ಸ್ಟ್ಯಾಂಪ್ ಪ್ಯಾಡ್ ಇಂಕು ಬಿಟ್ಟಿದ್ದೆ. ಎರಡು ದಿನ ಕಪ್ಪಗೆ ಬಂತು, ನಾನೂ ಬೀಗಿದೆ. ವಾರದೊಳಗೆ ಮೂರು ಪಿನ್ನು ಅಂಟಿಕೊಂಡವು. ಪ್ರಿಂಟರ್ ರಿಬ್ಬನ್ನಿನ ಶಾಯಿಯಲ್ಲಿ ಎಣ್ಣೆಯ ಅಂಶ ಇರುತ್ತದೆ. ಪಿನ್ನು ಒಳಗೆ ಹೊರಗೆ ಜಾರಲು ಬೇಕಾದ ಜಿಡ್ಡು ಅದರಿಂದಲೇ ಸಿಗುವುದು. ಸ್ಟ್ಯಾಂಪ್ ಪ್ಯಾಡಿನದು ಒಣಗಿ ಅಂಟಾಗುತ್ತದೆ.

ಬಟ್ಟೆ ತೂತುಬಿದ್ದಿದ್ದರೆ ಅಥವಾ ಅಂಚಿನಲ್ಲಿ ನೂಲು ಎದ್ದಿದ್ದರೆ ‘ಇನ್ನೂ ನಾಲ್ಕು ದಿನ ಬರುತ್ತೆ’ ಅನ್ನಬೇಡಿ. ಪಿನ್ನಿನ ದಪ್ಪ ಸುಮಾರು 0.3 ಮಿ.ಮೀ. ಹೊರಚಿಮ್ಮಿದ ಪಿನ್ನು ಆ ನೂಲಿಗೆ ಸಿಕ್ಕಿಕೊಂಡಿರುವಾಗಲೇ ಹೆಡ್ ಪಕ್ಕಕ್ಕೆ ಓಡಿದರೆ ಪಿನ್ನು ಬಾಗುತ್ತದೆ ಅಥವಾ ಮುರಿಯುತ್ತದೆ. ಹೆಡ್ ನಿಜವಾಗಿ ‘ಹೋಗುವುದು’ ಹೆಚ್ಚಾಗಿ ಹೀಗೆ. ಹೊಸ ರಿಬ್ಬನ್ನಿನ ದುಡ್ಡು ಉಳಿಸಲು ಹೋಗಿ ಹೆಡ್ ಕಳೆದುಕೊಂಡವರು ನನ್ನ ಲೆಕ್ಕದಲ್ಲಿ ಬಹಳ ಮಂದಿ.

ಕಾಗದ ಮತ್ತು ಓಡುವ ಸಾಲುಗಳು

ಎರಡು ಬದಿಗೆ ತೂತಿರುವ, ಮಡಿಕೆ ಮಡಿಕೆಯಾಗಿ ಬರುವ ಕಂಪ್ಯೂಟರ್ ಪೇಪರನ್ನು ಅಂಗಡಿಯಲ್ಲಿ ಅಳತೆಯಿಂದಲೇ ಕೇಳುತ್ತಾರೆ: 10 ಬೈ 12 ಬೈ 1. ಅಂದರೆ 10 ಇಂಚು ಅಗಲ, 12 ಇಂಚು ಎತ್ತರ, ಒಂದೇ ಪ್ರತಿ. ಕೊನೆಯದು 2 ಆದರೆ ಜೊತೆಗೊಂದು ನಕಲು. ಸಣ್ಣ ಬಿಲ್ಲಿಗೆ ಅರ್ಧ ಅಳತೆಯ 10 ಬೈ 6.

ತಲೆನೋವು ಶುರುವಾಗುವುದು ಇಲ್ಲೇ. ಎಷ್ಟೋ ಯಂತ್ರಗಳು ಪುಟ ಎಂದರೆ 11 ಇಂಚು ಎಂದುಕೊಂಡಿರುತ್ತವೆ. ಇಂಚಿಗೆ 6 ಸಾಲಿನಂತೆ 66 ಸಾಲು. ನಿಮ್ಮ ಕಾಗದ 12 ಇಂಚಿನದು, 72 ಸಾಲು. ಮೊದಲ ಬಿಲ್ಲು ಸರಿ. ಎರಡನೇ ಬಿಲ್ಲಿನ ತಲೆ ಮೊದಲ ಹಾಳೆಯ ಕಾಲಿಗೆ 6 ಸಾಲು ಮೇಲೆ ಬಂದು ಕೂರುತ್ತದೆ. ಮೂರನೆಯದು 12 ಸಾಲು. ಗುಮಾಸ್ತರು ಪ್ರತಿ ಬಿಲ್ಲಿಗೂ ಪಕ್ಕದ ತಿರುಪು ತಿರುಗಿಸಿ ಕಾಗದ ಸರಿಮಾಡಿಕೊಳ್ಳುತ್ತ, “ನಮ್ಮ ಪ್ರಿಂಟರಿಗೆ ಹೀಗೇ ಅಭ್ಯಾಸ” ಎಂದು ವರ್ಷಗಟ್ಟಲೆ ದೂಡಿರುತ್ತಾರೆ. ಆ ತಿರುಪು ಪ್ರಿಂಟರ್ ಆಫ್ ಇದ್ದಾಗ ಮಾತ್ರ ಮುಟ್ಟುವಂಥದ್ದು. ಆನ್ ಇದ್ದಾಗ ತಿರುಗಿಸಿದರೆ ಗಿಯರಿನ ಹಲ್ಲು ಸವೆಯುತ್ತದೆ, ಪುಟದ ತಲೆ ಎಲ್ಲಿದೆ ಎಂಬ ಯಂತ್ರದ ಲೆಕ್ಕವೂ ತಪ್ಪುತ್ತದೆ.

ಪರಿಹಾರ ಎರಡು ಕಡೆ. ಪ್ರಿಂಟರಿನಲ್ಲಿ ಪುಟದ ಉದ್ದವನ್ನು 12 ಇಂಚಿಗೆ ಬದಲಾಯಿಸಿ. ತೀರಾ ಹಳೆಯದರಲ್ಲಿ ಇದಕ್ಕೆ ಒಳಗೆ ಪುಟಾಣಿ ಸ್ವಿಚ್ಚುಗಳ ಸಾಲಿರುತ್ತದೆ, ಆಮೇಲಿನವುಗಳಲ್ಲಿ ಮುಂದಿನ ಗುಂಡಿಗಳಿಂದಲೇ ಆಗುತ್ತದೆ. ವಿಂಡೋಸಿನಲ್ಲಾದರೆ ಪ್ರಿಂಟರುಗಳ ಪುಟಕ್ಕೆ ಹೋಗಿ ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ ತೆರೆದು, ಹೊಸ ಫಾರ್ಮ್ ಎಂದು ಗುರುತು ಹಾಕಿ, ನಿಮ್ಮ ಕಾಗದದ ಅಗಲ ಎತ್ತರ ಕೊಟ್ಟು, ‘ಅರ್ಧ ಬಿಲ್ಲು’ ಎಂದೋ ಏನೋ ಹೆಸರಿಟ್ಟು ಉಳಿಸಿ. ಆಮೇಲೆ ಪ್ರಿಂಟರಿನ ಕಾಗದವಾಗಿ ಅದನ್ನೇ ಆರಿಸಿ. ಪ್ರತಿ ಹಾಳೆಯ ಕೊನೆಗೆ ಒಂದು ಇಂಚು ತಾನಾಗಿ ಬಿಟ್ಟುಹೋಗುತ್ತಿದ್ದರೆ ಮಡಿಕೆ ಹಾರಿಸುವ ಏರ್ಪಾಡು ಚಾಲೂ ಇದೆ, ಅದನ್ನೂ ತೆಗೆಯಿರಿ.

ತೂತು ಹರಿಯುತ್ತಿದ್ದರೆ ಆ ತೂತಿಗೆ ಸಿಕ್ಕಿ ಕಾಗದ ಎಳೆಯುವ ಹಲ್ಲಿನ ಎರಡು ಪಟ್ಟಿಗಳ ನಡುವೆ ಕಾಗದ ಬಿಗಿಯಾಗಿದೆ ಎಂದರ್ಥ. ಸ್ವಲ್ಪ ಸಡಿಲ ಬಿಡಿ. ಹಲ್ಲಿನಿಂದ ಎಳೆಯುವ ಕಾಗದಕ್ಕೂ ಬಿಡಿ ಹಾಳೆಗೂ ಬೇರೆ ಬೇರೆ ಜಾಗ ಇರುವ ಇನ್ನೊಂದು ಲಿವರ್ ಇದೆ. ಅದು ಬಿಡಿ ಹಾಳೆಯ ಕಡೆಗಿದ್ದು ತೂತಿನ ಕಾಗದ ಹಾಕಿದರೆ ಎರಡೂ ಎಳೆದಾಡಿ ಕಾಗದ ಸುಕ್ಕಾಗುತ್ತದೆ. ಮಲೆನಾಡಿನ ಜುಲೈಯಲ್ಲಿ ಇವೆಲ್ಲ ಸರಿಯಿದ್ದರೂ ಕಾಗದವೇ ಒದ್ದೆಮುದ್ದೆಯಾಗಿ ಮೊಂಡುಬೀಳುತ್ತದೆ. ತೆರೆದ ಪೆಟ್ಟಿಗೆಯನ್ನು ನೆಲದ ಮೇಲಿಡದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಣೆಯ ಮೇಲೆ ಇಡಿ.

ಹೆಡ್ಡೇ ಅಂತ ಖಚಿತವಾದ ಮೇಲೆ

ಬಿಳಿ ಗೆರೆ ಎಲ್ಲ ಕಡೆಯೂ ಇದೆ, ರಿಬ್ಬನ್ ಹೊಸದು, ಲಿವರ್ ಸರಿ. ಈಗ ಹೆಡ್ ಬಿಚ್ಚಿ. ಎರಡು ಸ್ಕ್ರೂ ಅಥವಾ ಕ್ಲಿಪ್ಪು ಇರುತ್ತವೆ, ಚಪ್ಪಟೆ ಕೇಬಲ್ಲನ್ನು ಎಳೆದಾಡದೆ ನೇರವಾಗಿ ಹೊರತೆಗೆಯಿರಿ. ಮೂತಿಯಲ್ಲಿ ಪಿನ್ನುಗಳ ತುದಿ ಕಾಣುತ್ತದೆ. ಕಪ್ಪು ಮಸಿಯೂ ಕಾಗದದ ಹೊಟ್ಟೂ ಸೇರಿ ಅಲ್ಲಿ ಡಾಂಬರಿನಂತೆ ಗಟ್ಟಿಯಾಗಿರುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ, ‘ಐಪಿಎ’ ಎಂದರೆ ಕೊಡುತ್ತಾರೆ. ಬಟ್ಟೆಗೆ ಹಚ್ಚಿ ಮೂತಿಯನ್ನು ಮಾತ್ರ ಒದ್ದೆ ಮಾಡುತ್ತ ಒರೆಸಿ. ಬಟ್ಟೆಗೆ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಬೇಕು. ಸೂಜಿಯಿಂದ ಕೆದಕಬೇಡಿ. ಪೂರ್ತಿ ಒಣಗಿದ ಮೇಲೆ, ಅಂದರೆ ಒಂದೆರಡು ಗಂಟೆ ಬಿಟ್ಟು, ಜೋಡಿಸಿ ಮತ್ತೆ ಸೆಲ್ಫ್ ಟೆಸ್ಟ್ ಹೊಡೆಯಿರಿ. ಅಂಟಿದ ಪಿನ್ನಾದರೆ ಎರಡು ಮೂರು ಹಾಳೆಯೊಳಗೆ ಬಿಟ್ಟುಕೊಳ್ಳುತ್ತದೆ. ಕಾಗದ, ರಿಬ್ಬನ್ ಇಲ್ಲದೆ ಮಾತ್ರ ಯಂತ್ರ ಓಡಿಸಬೇಡಿ. ಪಿನ್ನುಗಳು ನೇರ ರಬ್ಬರ್ ರೋಲರಿಗೆ ಬಡಿದು ಎರಡೂ ಹಾಳು.

ಹೀಗೂ ಬಾರದಿದ್ದರೆ ಪಿನ್ನು ಮುರಿದಿರಬೇಕು ಇಲ್ಲವೇ ಒಳಗಿನ ಕಾಯಿಲ್ ಸುಟ್ಟಿರಬೇಕು. ಹೊಸ ಹೆಡ್ ಹಾಕುವವರಿಗೆ ಒಂದು ಮಾತು ಹೇಳಿ, ಒತ್ತಾಯಿಸಿಯೇ ಹೇಳಿ: “ಹೆಡ್ ಹಾಕೋ ಮೊದ್ಲು ಬೋರ್ಡಿನ ಡ್ರೈವರ್ ಟ್ರಾನ್ಸಿಸ್ಟರ್ ಚೆಕ್ ಮಾಡಿ.” ಕಾಯಿಲ್ ಸುಟ್ಟಿದ್ದು ಬೋರ್ಡಿನ ದೋಷದಿಂದಾದರೆ ಹೊಸ ಹೆಡ್ಡೂ ಅದೇ ದಿನ ಸುಡುತ್ತದೆ.

ಕೇಬಲ್, ಹೊಸ ಕಂಪ್ಯೂಟರ್, ಹಳೇ ಸಾಫ್ಟ್‌ವೇರ್

ಪ್ರಿಂಟರಿನ ಕಡೆ ತಂತಿಯ ಕಿವಿಗಳಿಂದ ಹಿಡಿಯುವ 36 ಕಾಲಿನ ಅಗಲ ಜೋಡಣೆ, ಕಂಪ್ಯೂಟರಿನ ಕಡೆ 25 ಕಾಲಿನದು. ಇದೇ ಪ್ಯಾರಲಲ್ ಕೇಬಲ್. ಇದನ್ನು ಯುಎಸ್‌ಬಿಯಂತೆ ಓಡುತ್ತಿರುವಾಗಲೇ ಚುಚ್ಚಿ ಕೀಳಬಾರದು. ಎರಡೂ ಯಂತ್ರ ಆಫ್ ಮಾಡಿ. ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ ಓಡುತ್ತಿರುವಾಗ ಕಿತ್ತು ಪೋರ್ಟ್ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಈಗಿನ ಕಂಪ್ಯೂಟರುಗಳಲ್ಲಿ ಆ 25 ಕಾಲಿನ ಜಾಗವೇ ಇರುವುದಿಲ್ಲ. ಎಲ್‌ಎಕ್ಸ್-310 ಇದ್ದವರು ಅದರ ಯುಎಸ್‌ಬಿಯಲ್ಲೇ ಹಾಕಬಹುದು. ಹಳೆಯದಕ್ಕೆ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ತನ್ನಿ. ಡ್ರೈವರ್ ಸಿಗದಿದ್ದರೆ ಅದೇ ಸಾಲಿನ ಎಪ್ಸನ್ ಯಂತ್ರದ್ದನ್ನು ಹಾಕಿ ನೋಡಿ. ಬೇರೆ ಕಂಪನಿಯವಾದರೂ ಬಹುಪಾಲು 9 ಪಿನ್ನಿನ ಯಂತ್ರಗಳಿಗೆ ಎಪ್ಸನ್ನಿನ ಆಜ್ಞೆಗಳು ಅರ್ಥವಾಗುತ್ತವೆ. ಬರೀ ಇಂಗ್ಲಿಷ್ ಅಕ್ಷರ, ಅಂಕಿ ಸಾಕು ಎನ್ನುವವರಿಗೆ ವಿಂಡೋಸಿನಲ್ಲೇ ಇರುವ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಸಾಕು. ಬಿಲ್ಲು ಸರಸರ ಬರುತ್ತದೆ.

ಡ್ರೈವರ್ ಸರಿಯಿದ್ದೂ ಒಂದೊಂದು ಬಿಲ್ಲಿಗೆ ನಿಮಿಷ ಹಿಡಿದರೆ ಪುಟವನ್ನು ಅಕ್ಷರವಾಗಿ ಕಳಿಸದೆ ಚಿತ್ರವಾಗಿ ಕಳಿಸುತ್ತಿದ್ದೀರಿ. ಬೆಂಗಳೂರಿನದೇ ಆದ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಇದಕ್ಕೆ ಆಯ್ಕೆ ಇದೆ. ‘ನೀಟ್ ಮೋಡ್’ ಬಿಟ್ಟು ‘ಡಾಟ್ ಮ್ಯಾಟ್ರಿಕ್ಸ್’ ಅಥವಾ ‘ಕ್ವಿಕ್’ ಆರಿಸಿದರೆ ಯಂತ್ರ ತನ್ನೊಳಗಿನ ಅಕ್ಷರಗಳಲ್ಲೇ ಹೊಡೆಯುತ್ತದೆ. ರೂಪಾಯಿ ಚಿಹ್ನೆ ಮಾತ್ರ ಬಾರದು. ಅದು ಬಂದದ್ದೇ 2010ರಲ್ಲಿ, ಅದಕ್ಕಿಂತ ಹಳೆಯ ಯಂತ್ರದ ಹೊಟ್ಟೆಯಲ್ಲಿ ಅದು ಹೇಗಿದ್ದೀತು? ಆ ಚಿಹ್ನೆಯ ಬದಲಿಗೆ ಇಂಗ್ಲಿಷಿನ ಆರ್ ಎಸ್ (Rs) ಹಾಕಿಕೊಳ್ಳಿ.

ಫಾಕ್ಸ್‌ಪ್ರೋದಲ್ಲಿ ಬರೆಸಿದ, ವಿಂಡೋಸಿಗೂ ಮುಂಚಿನ ಡಾಸ್ ಕಾಲದ ಹಳೇ ಪ್ರೋಗ್ರಾಮ್ ಇಟ್ಟುಕೊಂಡಿರುವ ಸಂಘಗಳ ಪಾಡು ಬೇರೆ. 64 ಬಿಟ್ಟಿನ ವಿಂಡೋಸಿನಲ್ಲಿ ಅವು ನೇರವಾಗಿ ಏಳುವುದೇ ಇಲ್ಲ. ಡಾಸ್‌ಬಾಕ್ಸ್-ಎಕ್ಸ್ ಥರದ, ಡಾಸನ್ನು ಅನುಕರಿಸುವ ಸಾಫ್ಟ್‌ವೇರಿನ ಒಳಗೆ ಓಡಿಸಬೇಕು, ಇಲ್ಲವೇ 32 ಬಿಟ್ಟಿನ ಹಳೇ ಕಂಪ್ಯೂಟರನ್ನೇ ಕಾಪಾಡಿಕೊಳ್ಳಬೇಕು. ಆ ಹಳೇ ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಎಲ್‌ಪಿಟಿ1 ಎಂಬ ಪೋರ್ಟನ್ನೇ ಹುಡುಕುತ್ತದೆ, ನಿಮ್ಮ ಪ್ರಿಂಟರ್ ಯುಎಸ್‌ಬಿಯಲ್ಲಿದೆ. ಆಗ ಪ್ರಿಂಟರನ್ನು ಒಂದು ಸಣ್ಣ ಹೆಸರು ಕೊಟ್ಟು ಶೇರ್ ಮಾಡಿ, ಕಮಾಂಡ್ ಕಿಟಕಿಯಲ್ಲಿ ‘ನೆಟ್ ಯೂಸ್’ ಆಜ್ಞೆಯಿಂದ ಎಲ್‌ಪಿಟಿ1 ಅನ್ನು ಆ ಹೆಸರಿಗೆ ಕಟ್ಟಬೇಕು. ಒಮ್ಮೆ ಕಟ್ಟಿದ್ದು ಮರುದಿನವೂ ಉಳಿಯುವಂತೆ ‘ಪರ್ಸಿಸ್ಟೆಂಟ್ ಯೆಸ್’ (/persistent:yes) ಸೇರಿಸಿ.

ಅಂಥ ಹಳೇ ಕಂಪ್ಯೂಟರು ಬೆಳಿಗ್ಗೆ ಹಚ್ಚಿದಾಗ ತಾರೀಖು ಹಿಂದಕ್ಕೆ ಓಡಿ, ಎಫ್1 ಒತ್ತು ಎಂದು ಕೂತರೆ ಒಳಗಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತಿದೆ. ಬದಲಾಯಿಸಿ, ಇಲ್ಲವಾದರೆ ಈ ವರ್ಷದ ರಸೀದಿಗೆ ಎಂದೋ ಕಳೆದ ವರ್ಷದ ತಾರೀಖು ಬೀಳುತ್ತದೆ. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಓಡುತ್ತಿದ್ದರೆ ಇಂಟರ್ನೆಟ್ ಕೊಡಬೇಡಿ. 2014ರ ಏಪ್ರಿಲ್‌ನಿಂದಲೇ ಅದಕ್ಕೆ ಭದ್ರತೆಯ ತೇಪೆ ಬರುವುದು ನಿಂತಿದೆ. ಲೆಕ್ಕದ ಫೋಲ್ಡರನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹಾಕಿಡಿ.

ಕನ್ನಡ ಬೇಕಾದರೆ

ಈ ಯಂತ್ರಗಳ ಹೊಟ್ಟೆಯಲ್ಲಿ ಕನ್ನಡವಿಲ್ಲ. ಕನ್ನಡ ಟೈಪ್ ಮಾಡುವ ‘ನುಡಿ’, ‘ಬರಹ’ ಸಾಫ್ಟ್‌ವೇರುಗಳಿರಲಿ, ಯೂನಿಕೋಡ್ ಇರಲಿ, ಎಲ್ಲವೂ ಚಿತ್ರವಾಗಿಯೇ ಹೋಗಬೇಕು. 9 ಪಿನ್ನಿನ ಹೆಡ್ಡಿನಲ್ಲಿ ಚುಕ್ಕೆಗಳ ನಡುವಿನ ಅಂತರ ಇಂಚಿನ 72ನೇ ಒಂದು ಭಾಗ. ಲೆಕ್ಕ ಹಾಕಿ: 12 ಪಾಯಿಂಟಿನ ಸಾಲಿಗೆ ಮೇಲಿಂದ ಕೆಳಗೆ ಸಿಗುವುದು 12 ಚುಕ್ಕೆ. ಅಷ್ಟರಲ್ಲೇ ‘ಷ್ಟ್ರ’ದ ತಲೆಕಟ್ಟು, ಹೊಟ್ಟೆಯ ಸೀಳು, ಎರಡು ಒತ್ತು ಎಲ್ಲ ಹಿಡಿಸಬೇಕು! ‘ರಾಷ್ಟ್ರ’ ಓದಿದರೆ ಜೇಡ ಸತ್ತಂತೆ ಕಾಣುವುದು ಅದಕ್ಕೇ. ಡ್ರೈವರಿನಲ್ಲಿ ಲಂಬವಾಗಿ 144 ಚುಕ್ಕೆಯ ಗುಣಮಟ್ಟ ಆರಿಸಿ ಅಕ್ಷರವನ್ನು 14ರಿಂದ 16 ಪಾಯಿಂಟಿಗೆ ಏರಿಸಿದರೆ ಓದುವಂತಾಗುತ್ತದೆ, ಆದರೆ ಬಹಳ ನಿಧಾನ. ಕನ್ನಡ ದಿನವೂ ಬೇಕಾದವರು 24 ಪಿನ್ನಿನದೇ ತೆಗೆದುಕೊಳ್ಳಲಿ. ಉಳಿದವರಿಗೆ ನನ್ನ ಸಲಹೆ: ಸಂಘದ ಹೆಸರು, ವಿಳಾಸ, ‘ತೂಕ’, ‘ದರ’, ‘ಮೊತ್ತ’ ಇವನ್ನೆಲ್ಲ ಊರಿನ ಪ್ರೆಸ್ಸಿನಲ್ಲಿ ಚೆಂದದ ಕನ್ನಡದಲ್ಲಿ ಕಾಗದದ ಮೇಲೆ ಮೊದಲೇ ಅಚ್ಚು ಹಾಕಿಸಿ. ಪ್ರಿಂಟರ್ ಅಂಕಿಗಳನ್ನಷ್ಟೇ ತುಂಬಲಿ.

ಇನ್ನು ಕೆಟ್ಟುಹೋದ ಎರಡನೇ ಪ್ರಿಂಟರ್ ಮೂಲೆಯಲ್ಲಿದ್ದರೆ ಗುಜರಿಗೆ ಕೊಡಲು ಅವಸರ ಮಾಡಬೇಡಿ. ಅದೇ ಮಾಡಲ್ ಆಗಿದ್ದರೆ ಅದರ ಗಿಯರು, ಹಲ್ಲಿನ ಪಟ್ಟಿ, ತಿರುಪು, ಚಪ್ಪಟೆ ಕೇಬಲ್ಲು ಇವತ್ತಲ್ಲ ನಾಳೆ ಬೇಕಾಗುತ್ತವೆ. ಮೇಲೆ ಒಂದು ಹಳೇ ಬೆಡ್‌ಶೀಟ್ ಹೊದಿಸಿ ಇಡಿ, ಹಲ್ಲಿ ಒಳಗೆ ಮೊಟ್ಟೆ ಇಡದ ಹಾಗೆ.